ಟಿಕೆಟ್ ತಪ್ಪಿದವರು ಬೆಂಬಲ ಕೊಡಬೇಕೆ? ಏನೇ ಆದರೂ ಮೂರು ಗಂಟೆಯೊಳಗೆ ಹೇಳಲಿ

ನಾಮಪತ್ರ ವಾಪಸ್ ಪಡೆಯುವ ಕೊನೆಯ ದಿನ ಮಧ್ಯಾಹ್ನ ಎರಡೂವರೆ ಹೊತ್ತಿಗೆ ತಾಲ್ಲೂಕು ಕಚೇರಿ ಮುಂದೆ ನಿಂತವರಿಗೆ ಚುನಾವಣೆಯ ಅರ್ಧ ಫಲಿತಾಂಶ ಅಲ್ಲೇ ಗೊತ್ತಾಗುತ್ತದೆ. ನೂರು ಮೀಟರ್ ಆಚೆ ಬ್ಯಾರಿಕೇಡ್, ಅದರಾಚೆ ಘೋಷಣೆ ಕೂಗುವ ಹುಡುಗರು. ಟಿಕೆಟ್ ಸಿಗದೆ ಪಕ್ಷೇತರನಾಗಿ ನಾಮಪತ್ರ ಹಾಕಿರುವ ಆಕಾಂಕ್ಷಿ ಕಾರಿನಲ್ಲೇ ಕೂತಿರುತ್ತಾನೆ. ಫೋನಿನ ಆ ಕಡೆ ಬೆಂಗಳೂರಿನ ದೊಡ್ಡವರು, ಕಿಟಕಿಯ ಈ ಕಡೆ 'ವಾಪಸ್ ತಗೋಬೇಡಿ ಅಣ್ಣ' ಎನ್ನುವ ಬೆಂಬಲಿಗರು. ಚುನಾವಣಾಧಿಕಾರಿ ಮೇಜಿನ ಮೇಲೆ ನಾಮಪತ್ರ ವಾಪಸ್ ಪಡೆಯುವ ನಮೂನೆ 5 ಇರುತ್ತದೆ. ಅದಕ್ಕೆ ಮೂರು ಗಂಟೆಯೊಳಗೆ ಸಹಿ ಬಿದ್ದರೆ ಒಂದು ಚುನಾವಣೆ, ಬೀಳದಿದ್ದರೆ ಇನ್ನೊಂದು.

ಆ ಸಹಿ ಹಾಕಬೇಕೆ, ಹಾಕಿದ ಮೇಲೆ ಟಿಕೆಟ್ ಸಿಕ್ಕ ಎದುರಾಳಿಯ ಪರ ಕೆಲಸ ಮಾಡಬೇಕೆ ಎಂಬ ಪ್ರಶ್ನೆಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಎರಡೇ. 'ಪಕ್ಷ ತಾಯಿ ಇದ್ದಹಾಗೆ' ಎಂಬುದು ಒಂದು, 'ಸ್ವಾಭಿಮಾನ ಮುಖ್ಯ' ಎಂಬುದು ಇನ್ನೊಂದು. ಎರಡೂ ಭಾಷಣದ ಮಾತು. ಬೆಂಬಲ ಕೊಡುವ ಬಾಧ್ಯತೆ ಎಷ್ಟು ಎನ್ನುವುದು ಟಿಕೆಟ್ ಹೇಗೆ ತಪ್ಪಿತು ಎನ್ನುವುದರ ಮೇಲೆ ನಿಂತಿದೆ. ಆದರೆ ಏನು ಮಾಡುತ್ತೀರಿ ಎಂದು ಹೊತ್ತಿಗೆ ಸರಿಯಾಗಿ, ಬಾಯಿಬಿಟ್ಟು ಹೇಳುವ ಬಾಧ್ಯತೆ ಎಲ್ಲರಿಗೂ ಒಂದೇ. ನನ್ನ ವಾದ ಇಷ್ಟೇ.

ಈ ಪ್ರಶ್ನೆಯ ಚರ್ಚೆ ಜೋರಾಗಿ ನಡೆಯುವುದು ಅಮೆರಿಕದಲ್ಲಿ. ಅಲ್ಲಿ ಪಕ್ಷದ ಅಭ್ಯರ್ಥಿ ಯಾರೆಂದು ತೀರ್ಮಾನ ಮಾಡುವವರು ಮತದಾರರು. ಪ್ರೈಮರಿ ಎಂಬ ಒಳಚುನಾವಣೆ ನಡೆದು, ಜನ ಸಾಲಿನಲ್ಲಿ ನಿಂತು ವೋಟು ಹಾಕುತ್ತಾರೆ. 2008ರಲ್ಲಿ ಡೆಮಾಕ್ರಟಿಕ್ ಪಕ್ಷದ ಒಬಾಮ ಮತ್ತು ಹಿಲರಿ ಕ್ಲಿಂಟನ್ ಇಬ್ಬರಿಗೂ ಹೆಚ್ಚುಕಡಿಮೆ ಒಂದೂಮುಕ್ಕಾಲು ಕೋಟಿಯಷ್ಟು ಮತ ಬಿದ್ದಿತ್ತು. ಜೂನ್ 3ಕ್ಕೆ ಕೊನೆಯ ಪ್ರೈಮರಿ ಮುಗಿಯಿತು, 7ಕ್ಕೆ ಹಿಲರಿ ವೇದಿಕೆ ಹತ್ತಿ ಒಬಾಮ ಹೆಸರು ಹೇಳಿ ಬೆಂಬಲ ಕೊಟ್ಟರು. ಆಗಸ್ಟ್‌ನಲ್ಲಿ ಡೆನ್ವರ್ ಸಮಾವೇಶದಲ್ಲಿ ಒಬಾಮ ಆಯ್ಕೆಯನ್ನು ಒಕ್ಕೊರಲಿನಿಂದ ಒಪ್ಪೋಣ ಎಂದು ಸೂಚಿಸಿದವರೂ ಅವರೇ. 2016ರಲ್ಲಿ ಹಿಲರಿ ಎದುರು ಸೋತ ಬರ್ನಿ ಸ್ಯಾಂಡರ್ಸ್ ಬೆಂಬಲ ಕೊಡುವುದನ್ನು ಜುಲೈ 12ರವರೆಗೆ ಎಳೆದರು. ಅದೇ ತಿಂಗಳು ಕ್ಲೀವ್‌ಲ್ಯಾಂಡಿನ ರಿಪಬ್ಲಿಕನ್ ಸಮಾವೇಶದಲ್ಲಿ, ಟ್ರಂಪ್ ಎದುರು ಸೋತಿದ್ದ ಟೆಡ್ ಕ್ರೂಜ್ 'ನಿಮ್ಮ ಆತ್ಮಸಾಕ್ಷಿ ಹೇಳಿದಂತೆ ಮತ ಹಾಕಿ' ಎಂದು ಹೇಳಿ, ಟ್ರಂಪ್‌ಗೆ ಹಾಕಿ ಎನ್ನದೆ ಇಳಿದುಹೋದರು. ಸಭೆ ಕೂಗಾಡಿತು. ಸೆಪ್ಟೆಂಬರ್‌ನಲ್ಲಿ ಅವರೂ ದಾರಿಗೆ ಬಂದರು. 2024ರಲ್ಲಿ ನಿಕ್ಕಿ ಹೇಲಿ ಮಾರ್ಚ್ 6ಕ್ಕೆ ಕಣದಿಂದ ಸರಿದರೂ ಬೆಂಬಲದ ಮಾತು ಆಡಲಿಲ್ಲ. ಟ್ರಂಪ್‌ಗೆ ಮತ ಹಾಕುತ್ತೇನೆ ಎಂದಿದ್ದು ಮೇ ತಿಂಗಳಲ್ಲಿ.

ಅಲ್ಲಿ ಇನ್ನೊಂದು ಕಟ್ಟುಪಾಡಿದೆ. ಪ್ರೈಮರಿಯಲ್ಲಿ ಸೋತವರು ಮತ್ತೆ ಅದೇ ಸ್ಥಾನಕ್ಕೆ ಬೇರೆ ದಾರಿಯಿಂದ ನಿಲ್ಲದಂತೆ ಬಹುತೇಕ ರಾಜ್ಯಗಳು ಒಂದಲ್ಲ ಒಂದು ರೀತಿ ಬಾಗಿಲು ಹಾಕಿವೆ. ಬಾಗಿಲು ತೆರೆದಿದ್ದ ಕನೆಕ್ಟಿಕಟ್‌ನಲ್ಲಿ ಸೆನೆಟರ್ ಜೋ ಲೀಬರ್ಮನ್ 2006ರಲ್ಲಿ ಪ್ರೈಮರಿ ಸೋತು, ಪಕ್ಷದ ಹೊರಗಿನಿಂದ ನಿಂತು ಗೆದ್ದರು. 2010ರಲ್ಲಿ ಅಲಾಸ್ಕಾದ ಲೀಸಾ ಮರ್ಕೌಸ್ಕಿ ಮತಪತ್ರದಲ್ಲಿ ಹೆಸರೇ ಇಲ್ಲದೆ, ಮತದಾರರ ಕೈಯಲ್ಲಿ ತಮ್ಮ ಹೆಸರು ಬರೆಸಿ ಗೆದ್ದರು. ಅಂಥದ್ದು ಅಪರೂಪ. ಸೋತವರು ಬೆಂಬಲ ಕೊಡಲೇಬೇಕು ಎಂದು ಅಲ್ಲಿನವರು ಪಟ್ಟು ಹಿಡಿಯುವುದಕ್ಕೆ ಕಾರಣ ಸರಳ. ಆಟ ಆಡಿದ್ದೀರಿ, ಎಣಿಕೆ ಎಲ್ಲರ ಮುಂದೆ ಆಗಿದೆ, ಇನ್ನೇನು?

ನಮ್ಮಲ್ಲಿ ಎಣಿಕೆ ಎಲ್ಲಿ ಆಗುತ್ತದೆ? 2023ರ ವಿಧಾನಸಭೆಗೆ ಕಾಂಗ್ರೆಸ್ ಟಿಕೆಟ್ ಬೇಕಾದವರು 2022ರ ನವೆಂಬರ್‌ನಲ್ಲೇ ಐದು ಸಾವಿರ ಕೊಟ್ಟು ಅರ್ಜಿ ಕೊಂಡು, ಜೊತೆಗೆ ಎರಡು ಲಕ್ಷದ ಡಿಡಿ ಇಡಬೇಕಿತ್ತು. ಪರಿಶಿಷ್ಟರಿಗೆ ಒಂದು ಲಕ್ಷ. ಆಮೇಲೆ ಸರ್ವೆ, ಸ್ಕ್ರೀನಿಂಗ್ ಕಮಿಟಿ, ದೆಹಲಿ. ಬಿಜೆಪಿ 2023ರ ಮಾರ್ಚ್ ಕೊನೆಗೆ ಜಿಲ್ಲೆಗಳಲ್ಲಿ ಪದಾಧಿಕಾರಿಗಳಿಂದ ಚೀಟಿ ಹಾಕಿಸಿ ಡಬ್ಬಿಯನ್ನು ಬೆಂಗಳೂರಿಗೆ ತರಿಸಿಕೊಂಡಿತು, ಯಾರಿಗೆಷ್ಟು ಬಿತ್ತು ಎಂದು ಊರಿಗೆ ಹೇಳಲಿಲ್ಲ. ಜೆಡಿಎಸ್ ಕಥೆ ಹೇಳುವುದೇ ಬೇಡ, ಅಲ್ಲಿ ಸ್ಕ್ರೀನಿಂಗ್ ಊಟದ ಮೇಜಿನ ಸುತ್ತ ಮುಗಿಯುತ್ತದೆ. ಅಮೆರಿಕದ ಮಾದರಿಯನ್ನು ನಮ್ಮಲ್ಲಿ ಒಮ್ಮೆ ಪ್ರಯತ್ನಿಸಿದ್ದೂ ಉಂಟು. 2014ರ ಲೋಕಸಭೆಗೆ ರಾಹುಲ್ ಗಾಂಧಿ ಹಟ ಹಿಡಿದು ದೇಶದ ಕೆಲವು ಕ್ಷೇತ್ರಗಳಲ್ಲಿ ಪ್ರೈಮರಿ ನಡೆಸಿದರು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಸಿ. ನಾರಾಯಣಸ್ವಾಮಿ ಮತ್ತು ಜನಾರ್ದನ ಪೂಜಾರಿ ಒಳಚುನಾವಣೆ ಗೆದ್ದರು, ಹೊರಚುನಾವಣೆ ಇಬ್ಬರೂ ಸೋತರು. ಆ ಪ್ರಯೋಗದ ಸದ್ದು ಮತ್ತೆ ಕೇಳಲಿಲ್ಲ.

ಆದ್ದರಿಂದ ಹಿಲರಿಗೆ ಇದ್ದ ಬಾಧ್ಯತೆಯೇ ನಮ್ಮ ಆಕಾಂಕ್ಷಿಗೂ ಇದೆ ಎನ್ನುವುದು ಅನ್ಯಾಯ. ಸೋತದ್ದಕ್ಕೂ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದದ್ದಕ್ಕೂ ವ್ಯತ್ಯಾಸವಿದೆ. ಐದು ವರ್ಷ ಸಾವು, ಮದುವೆ, ಗೃಹಪ್ರವೇಶ, ಊರಹಬ್ಬ ಒಂದನ್ನೂ ಬಿಡದೆ ತಿರುಗಿದವನಿಗೆ 'ಸರ್ವೆಯಲ್ಲಿ ನಿಮ್ಮ ಹೆಸರು ಬರಲಿಲ್ಲ' ಎಂದರೆ, ಆ ಸರ್ವೆ ತೋರಿಸಿ ಎಂದು ಕೇಳುವ ಹಕ್ಕು ಅವನಿಗಿದೆ. ತೋರಿಸುವುದಿಲ್ಲ ಎಂದಾದರೆ ಬೇಷರತ್ ಬೆಂಬಲ ಕೇಳುವ ನೈತಿಕತೆ ಪಕ್ಷಕ್ಕೂ ಅಷ್ಟಕ್ಕಷ್ಟೆ. ಇನ್ನೊಂದು ಕಡೆಯೂ ಇದೆ: 'ಯಾರಿಗೆ ಟಿಕೆಟ್ ಕೊಟ್ಟರೂ ಕೆಲಸ ಮಾಡುತ್ತೇನೆ' ಎಂದು ಪಕ್ಷದ ವೀಕ್ಷಕರ ಮುಂದೆ ಎದ್ದು ಹೇಳಿದವನು ಆಮೇಲೆ ಸ್ವಾಭಿಮಾನದ ಮಾತು ತೆಗೆದರೆ ನಂಬುವುದು ಕಷ್ಟ. ಆ ಸ್ವಾಭಿಮಾನ ಅರ್ಜಿ ಹಾಕುವ ದಿನ ಎಲ್ಲಿತ್ತು?

ಇನ್ನು ಲೆಕ್ಕಕ್ಕೆ ಬರೋಣ. ಬಂಡಾಯದ ಪಾಠ ಹೇಳಲು ಕೋಲಾರ ಜಿಲ್ಲೆಯ ಮಾಲೂರಿಗಿಂತ ಒಳ್ಳೆಯ ಪಠ್ಯ ಇಲ್ಲ. 2023ರಲ್ಲಿ ಅಲ್ಲಿ ಕಾಂಗ್ರೆಸ್‌ನ ಕೆ.ವೈ. ನಂಜೇಗೌಡ ಗೆದ್ದರು ಎಂದು ಘೋಷಣೆಯಾದ ಅಂತರ 248 ಮತ. ಎರಡನೆಯವರು ಬಿಜೆಪಿಯ ಕೆ.ಎಸ್. ಮಂಜುನಾಥಗೌಡ. ಬಿಜೆಪಿ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತ ಹೂಡಿ ವಿಜಯಕುಮಾರ್ ತೆಗೆದುಕೊಂಡದ್ದು 49 ಸಾವಿರ ದಾಟಿದ ಮತ. ಆ ಫಲಿತಾಂಶ ಆಮೇಲೆ ಹೈಕೋರ್ಟಿನ ಮೆಟ್ಟಿಲು ಹತ್ತಿತು, ಅದು ಬೇರೆ ವಿಷಯ. ಲೆಕ್ಕ ನೋಡಿ: ವಿಜಯಕುಮಾರ್‌ಗೆ ಹಾಕಿದವರಲ್ಲಿ ಹೆಚ್ಚುಕಡಿಮೆ ಇನ್ನೂರಕ್ಕೆ ಒಬ್ಬರು ಕಮಲದ ಗುಂಡಿ ಒತ್ತಿದ್ದರೂ ಅಂತರ ಅಲ್ಲೇ ಕರಗುತ್ತಿತ್ತು. ಬಂಡಾಯಗಾರ ಪಕ್ಷವನ್ನು ಸೋಲಿಸಿದ ಎಂದು ತೀರ್ಪು ಕೊಡುವುದು ಸುಲಭ.

ಅದೇ ಅಂಕಿಯನ್ನು ತಿರುಗಿಸಿ ಓದಿದರೆ ಕಥೆ ಬೇರೆಯಾಗುತ್ತದೆ. ಪಕ್ಷದ ಚಿಹ್ನೆ, ಪ್ರಧಾನಿಯ ಫೋಟೋ, ತಾರಾ ಪ್ರಚಾರಕರು ಎಲ್ಲ ಇದ್ದ ಅಧಿಕೃತ ಅಭ್ಯರ್ಥಿಗೂ, ವಾಪಸಾತಿ ಮುಗಿದ ಮೇಲೆ ಸಿಕ್ಕ ಯಾವುದೋ ಚಿಹ್ನೆ ಹಿಡಿದು ಎರಡು ವಾರದಲ್ಲಿ ಊರೂರಿಗೆ ಪರಿಚಯ ಮಾಡಿಸಿದ ಪಕ್ಷೇತರನಿಗೂ ನಡುವೆ ಇದ್ದದ್ದು ಸಾವಿರದ ಮುನ್ನೂರು ಚಿಲ್ಲರೆ ಮತ. ಹಾಗಾದರೆ ಮತ ಒಡೆದವರು ಯಾರು? ಮಾಲೂರಿನಲ್ಲಿ ಬೆಂಬಲ ಯಾರು ಯಾರಿಗೆ ಕೊಡಬೇಕಿತ್ತು ಎಂಬ ಪ್ರಶ್ನೆಗೆ ಬಿ ಫಾರಂ, ಅಂದರೆ ಇವನೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಕೊಡುವ ಪತ್ರ, ಒಂದೇ ಉತ್ತರ ಅಲ್ಲ ಎನ್ನುವುದಕ್ಕೆ ಇಷ್ಟು ಸಾಕು. ಹಾಗೆಂದು ಎಲ್ಲ ಬಂಡಾಯವೂ ಮಾಲೂರಲ್ಲ. ಅದೇ ವರ್ಷ ತುಮಕೂರು ನಗರದಲ್ಲಿ ಮಾಜಿ ಸಚಿವ ಸೊಗಡು ಶಿವಣ್ಣ ಬಿಜೆಪಿ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತರು. ನಾಲ್ಕು ಸಲ ಶಾಸಕರಾಗಿದ್ದವರು. ಆದರೂ ಬಿಜೆಪಿಯ ಜ್ಯೋತಿಗಣೇಶ್ ಸುಮಾರು ಮೂರು ಸಾವಿರದ ಅಂತರದಲ್ಲಿ ದಡ ಸೇರಿದರು. ಹಳೆಯ ಹೆಸರಿನ ತೂಕ, ಈಗ ಕೈಯಲ್ಲಿರುವ ಬೂತ್‌ಗಳ ತೂಕ ಎರಡೂ ಒಂದೇ ಅಲ್ಲ.

ನಿರ್ಧಾರ ಮಾಡುವವರಿಗೆ ದಿನದ ಲೆಕ್ಕ ಗೊತ್ತಿರಬೇಕು. ಅಧಿಸೂಚನೆ ಬಿದ್ದ ಏಳನೇ ದಿನ ನಾಮಪತ್ರಕ್ಕೆ ಕೊನೆ, ಮರುದಿನ ಪರಿಶೀಲನೆ, ಅಲ್ಲಿಂದ ಎರಡನೇ ದಿನ ವಾಪಸಾತಿಗೆ ಕೊನೆ. ನಡುವೆ ರಜೆ ಬಂದರೆ ಮುಂದಕ್ಕೆ ಹೋಗುತ್ತದೆ. 2023ರಲ್ಲಿ ಏಪ್ರಿಲ್ 13, 20, 21, 24 ಹೀಗೆ ಬಂತು, ಮತದಾನ ಮೇ 10. ಬಿಜೆಪಿ ಮೊದಲ ಪಟ್ಟಿ ಹೊರಬಿದ್ದಿದ್ದು ಏಪ್ರಿಲ್ 11ಕ್ಕೆ. ಮೊದಲ ಪಟ್ಟಿಯಲ್ಲೇ ಹೆಸರು ತಪ್ಪಿದವನಿಗೂ ಮುನಿಸು, ಬೆಂಬಲಿಗರ ಸಭೆ, ಸಂಧಾನ, ನಾಮಪತ್ರ, ತೀರ್ಮಾನ ಎಲ್ಲದಕ್ಕೂ ಸೇರಿ ಎರಡು ವಾರವೂ ಇರಲಿಲ್ಲ. ಪಕ್ಷಗಳು ಪಟ್ಟಿಯನ್ನು ಕೊನೆಗೆ ತಳ್ಳುವುದರ ಹಿಂದೆ ಈ ಲೆಕ್ಕವೂ ಇದೆ: ಬಂಡಾಯಕ್ಕೆ ಉಸಿರಾಡಲು ಹೊತ್ತು ಸಿಗಬಾರದು. ಅದರ ಅಡ್ಡಪರಿಣಾಮ, ರಾಜಿಗೂ ಹೊತ್ತು ಸಿಗುವುದಿಲ್ಲ.

ಬಿ ಫಾರಂ ಚುನಾವಣಾಧಿಕಾರಿ ಕೈಸೇರಬೇಕಾದ್ದು ನಾಮಪತ್ರದ ಕೊನೆಯ ದಿನ ಮಧ್ಯಾಹ್ನ ಮೂರರೊಳಗೆ. ಅದಕ್ಕೆ ಸಹಿ ಶಾಯಿಯದ್ದೇ ಆಗಬೇಕು, ರಬ್ಬರ್ ಸ್ಟಾಂಪ್ ನಡೆಯುವುದಿಲ್ಲ. ಸಹಿ ಮಾಡುವ ಅಧಿಕಾರ ಯಾರಿಗೆಂದು ಎ ಫಾರಂನಲ್ಲಿ ಮೊದಲೇ ತಿಳಿಸಿರಬೇಕು. ಅನುಭವ ಇರುವ ಆಕಾಂಕ್ಷಿ ಏನು ಮಾಡುತ್ತಾನೆ ಎಂದರೆ, ನಾಮಪತ್ರದ ಒಂದು ಸೆಟ್ ಪಕ್ಷದ ಹೆಸರಿನಲ್ಲಿ, ಇನ್ನೊಂದು ಸೆಟ್ ಪಕ್ಷೇತರನಾಗಿ ಹಾಕಿಡುತ್ತಾನೆ. ಒಬ್ಬರಿಗೆ ನಾಲ್ಕು ಸೆಟ್‌ವರೆಗೆ ಅವಕಾಶವಿದೆ, ಠೇವಣಿ ಒಂದೇ ಸಲ: ವಿಧಾನಸಭೆಗೆ 10 ಸಾವಿರ, ಲೋಕಸಭೆಗೆ 25 ಸಾವಿರ, ಪರಿಶಿಷ್ಟರಿಗೆ ಅರ್ಧ. ಎಡವುವುದು ಅಭ್ಯರ್ಥಿಯ ಹೆಸರು ಸೂಚಿಸಿ ಸಹಿ ಹಾಕುವ ಸೂಚಕರ ವಿಷಯದಲ್ಲಿ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರನಿಗೆ ಅದೇ ಕ್ಷೇತ್ರದ ಹತ್ತು ಮತದಾರರ ಸಹಿ ಬೇಕು. ಬಿ ಫಾರಂ ಬಂದೇ ಬರುತ್ತದೆ ಎಂದು ಒಬ್ಬನೇ ಸೂಚಕನ ಸಹಿ ಹಾಕಿಸಿದವನ ನಾಮಪತ್ರ ಪರಿಶೀಲನೆಯಲ್ಲಿ ಬಿದ್ದುಹೋಗುತ್ತದೆ. ಆಮೇಲೆ ಅವನ ಬೆಂಬಲಕ್ಕೂ ಬೆಲೆ ಇಲ್ಲ, ಬೆದರಿಕೆಗೂ ಇಲ್ಲ. ಬಿ ಫಾರಂನಲ್ಲೇ ಬದಲಿ ಅಭ್ಯರ್ಥಿಯ ಹೆಸರಿಗೆ ಜಾಗವಿದೆ. ಮುನಿಸಿಕೊಂಡ ಎರಡನೇ ಆಕಾಂಕ್ಷಿಯ ಹೆಸರನ್ನು ಅಲ್ಲಿ ಬರೆದರೆ ಗೌರವವೂ ಉಳಿಯುತ್ತದೆ, ಮುಖ್ಯ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾದರೆ ಪಕ್ಷಕ್ಕೆ ದಿಕ್ಕೂ ಇರುತ್ತದೆ. 2018ರಲ್ಲಿ ಮುಳಬಾಗಿಲಿನಲ್ಲಿ ಕೊತ್ತೂರು ಮಂಜುನಾಥ್ ಅವರ ನಾಮಪತ್ರ ಜಾತಿ ಪ್ರಮಾಣಪತ್ರದ ವಿಚಾರಕ್ಕೆ ತಿರಸ್ಕೃತವಾಗಿ ಕಾಂಗ್ರೆಸ್‌ಗೆ ಅಭ್ಯರ್ಥಿಯೇ ಇಲ್ಲದಂತಾಯಿತು. ಕಾಂಗ್ರೆಸ್ಸಿನವರು ಪಕ್ಷೇತರ ಎಚ್. ನಾಗೇಶ್ ಅವರ ಬೆನ್ನಿಗೆ ನಿಂತರು, ನಾಗೇಶ್ ಗೆದ್ದರು, ಮುಂದೆ ಮಂತ್ರಿಯೂ ಆದರು. ಬೆಂಬಲ ಎನ್ನುವುದು ಪಕ್ಷದಿಂದ ಪಕ್ಷೇತರನ ಕಡೆಗೂ ಹರಿಯಬಹುದು.

ವಾಪಸ್ ಪಡೆಯುವುದಾದರೆ ನಮೂನೆ 5ನ್ನು ಅಭ್ಯರ್ಥಿ ತಾನೇ ಕೊಡಬೇಕು, ಇಲ್ಲವೇ ಅವನು ಲಿಖಿತ ಅಧಿಕಾರ ಕೊಟ್ಟ ಸೂಚಕ ಅಥವಾ ಚುನಾವಣಾ ಏಜೆಂಟ್ ತಂದುಕೊಡಬೇಕು. ಒಮ್ಮೆ ಕೊಟ್ಟರೆ ಮುಗಿಯಿತು, ಮನಸ್ಸು ಬದಲಾಯಿತು ಎನ್ನಲು ಬರುವುದಿಲ್ಲ. ವಾಪಸ್ ಪಡೆದವರ ಠೇವಣಿ ಹಿಂದಿರುಗುತ್ತದೆ. ಮೂರು ಗಂಟೆ ಹೊಡೆದ ಮೇಲೆ ಕಣ್ಣೀರು ಹಾಕಿ ಪ್ರೆಸ್‌ಮೀಟ್‌ನಲ್ಲಿ 'ಪಕ್ಷದ ಅಭ್ಯರ್ಥಿಗೇ ನನ್ನ ಬೆಂಬಲ, ನಾನು ನಿವೃತ್ತಿ' ಎಂದರೆ ಕಾನೂನಿನ ಕಣ್ಣಿಗೆ ಅದು ಗಾಳಿಮಾತು. ಹೆಸರು, ಫೋಟೋ, ಚಿಹ್ನೆ ಮೂರೂ ಮತಯಂತ್ರದಲ್ಲಿ ಇದ್ದೇ ಇರುತ್ತವೆ. ಹಳ್ಳಿಯಲ್ಲಿ ಆ ಪ್ರೆಸ್‌ಮೀಟ್ ನೋಡದ ಮುನ್ನೂರು ಜನ ಆ ಗುಂಡಿಯನ್ನು ಒತ್ತಿಯೇ ಒತ್ತುತ್ತಾರೆ. 248ರ ಊರಿನಲ್ಲಿ ಮುನ್ನೂರು ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಸಂಧಾನದ ಕೋಣೆಯಲ್ಲಿ ಏನು ಕೇಳಬಹುದು ಎಂಬುದಕ್ಕೂ ಗೆರೆ ಇದೆ. ಜನಪ್ರತಿನಿಧಿ ಕಾಯ್ದೆಯ 123(1) ಪ್ರಕಾರ ಕಣದಿಂದ ಸರಿಯಲಿ ಎಂದು ಏನಾದರೂ ಕೊಡುವುದು, ಸರಿಯುವುದಕ್ಕೆ ಏನಾದರೂ ತೆಗೆದುಕೊಳ್ಳುವುದು ಎರಡೂ ಚುನಾವಣಾ ಭ್ರಷ್ಟಾಚಾರ. ದುಡ್ಡು ಮಾತ್ರವಲ್ಲ, ಸಂಬಳದ ಕೆಲಸವೂ ಅದರೊಳಗೆ ಬರುತ್ತದೆ. ಫಲಿತಾಂಶ ಬಂದ 45 ದಿನದೊಳಗೆ ಆ ಕ್ಷೇತ್ರದ ಅಭ್ಯರ್ಥಿಯೋ ಮತದಾರನೋ ಹೈಕೋರ್ಟಿಗೆ ತಕರಾರು ಅರ್ಜಿ ಹಾಕಿ ಸಾಬೀತು ಮಾಡಿದರೆ ಗೆದ್ದವನ ಸ್ಥಾನ ಹೋಗುತ್ತದೆ, ಮೇಲೆ ಆರು ವರ್ಷದವರೆಗೆ ಅನರ್ಹತೆಯ ಕತ್ತಿ. 'ನಿಗಮ ಮಂಡಳಿ ಕೊಡ್ತೀವಿ' ಎಂಬ ಮಾತು ಈ ಗೆರೆಯ ಯಾವ ಕಡೆಗೆ ಬೀಳುತ್ತದೆ ಎಂದು ವಕೀಲರು ವಾದಿಸಲಿ. ಕೇಳಬಹುದಾದ್ದು, ಕೇಳಲೇಬೇಕಾದ್ದು ಬೇರೆಯೇ ಇದೆ: ತನ್ನ ಜೊತೆ ಓಡಾಡಿದ ಪಂಚಾಯಿತಿ ಸದಸ್ಯರು, ಡೇರಿ ನಿರ್ದೇಶಕರ ಮೇಲೆ ಸೇಡು ತೀರಿಸಿಕೊಳ್ಳಬಾರದು, ಬ್ಲಾಕ್ ಸಮಿತಿಯಿಂದ ಅವರನ್ನು ಕಿತ್ತುಹಾಕಬಾರದು, ತಾನು ಹಿಡಿದ ಕೆರೆಯ ಕೆಲಸ, ರಸ್ತೆ ಕೆಲಸ ನಿಲ್ಲಬಾರದು. ಬಹುತೇಕ ಸಂಧಾನ ಮುರಿಯುವುದು ದೊಡ್ಡ ಹುದ್ದೆಗಲ್ಲ, ಇಂಥ ಸಣ್ಣ ಜನರ ಭಯಕ್ಕೆ. ಅವರಿಗೆ ಭರವಸೆ ಕೊಡುವುದು ರಾಜ್ಯ ನಾಯಕರಿಂದ ಆಗುವುದಿಲ್ಲ. ಟಿಕೆಟ್ ಸಿಕ್ಕವನೇ ಸಿಗದವನ ಮನೆಗೆ ಬಂದು, ಅವರ ಎದುರಿಗೆ ಹೇಳಬೇಕು. ಪಟ್ಟಿ ಬಂದ ದಿನವೇ ದೇವಸ್ಥಾನಕ್ಕೆ ಹೋಗುವ ಮೊದಲು ಆ ಮನೆಗೆ ಹೋದವರ ಚುನಾವಣೆ ಸಲೀಸು. ಮೂರು ದಿನ ಬಿಟ್ಟು, ಹಾರ ತುರಾಯಿ ಮುಗಿಸಿ, ಹತ್ತು ಕಾರಿನಲ್ಲಿ ಹೋದರೆ ಅದು ಮನವೊಲಿಕೆ ಅಲ್ಲ, ಮೆರವಣಿಗೆ.

ಬೆಂಬಲ ಎಂದರೆ ಏನು ಎನ್ನುವುದರಲ್ಲೂ ಗೊಂದಲವಿದೆ. ವೇದಿಕೆಯಲ್ಲಿ ಕೈ ಎತ್ತಿ ಹಿಡಿದುಕೊಂಡ ಫೋಟೋವನ್ನು ಪೇಪರಿನವರು ಬೆಂಬಲ ಎಂದು ಬರೆಯುತ್ತಾರೆ. ಬೂತಿನಲ್ಲಿರುವವರು ಹಾಗೆ ಓದುವುದಿಲ್ಲ. ಗುಬ್ಬಿ ಕಡೆಯ ಹೋಟೆಲಿನಲ್ಲಾಗಲಿ, ಶ್ರೀನಿವಾಸಪುರದ ಮಂಡಿಯಲ್ಲಾಗಲಿ ಅಂಥ ಸಭೆಯ ಮರುದಿನ ಕೇಳಿಬರುವ ಮಾತು ಹೀಗಿರುತ್ತದೆ:

'ಅಣ್ಣ ಏನು ಹೇಳವ್ರೆ?'

'ಸ್ಟೇಜ್ ಮೇಲೆ ಹೇಳವ್ರೆ. ನಮಗೇನೂ ಹೇಳಿಲ್ಲ.'

ಆ 'ನಮಗೇನೂ ಹೇಳಿಲ್ಲ' ಎನ್ನುವುದರಲ್ಲಿ ಎಲ್ಲ ಅಡಗಿದೆ. ನಮ್ಮ ಕಡೆಯ ವಿಧಾನಸಭಾ ಕ್ಷೇತ್ರಗಳಲ್ಲಿ ಮತಗಟ್ಟೆಗಳು ಇನ್ನೂರರ ಮೇಲೆ. 240 ಎಂದು ಇಟ್ಟುಕೊಳ್ಳಿ. ಬೂತಿಗೆ ಒಬ್ಬ ಪೋಲಿಂಗ್ ಏಜೆಂಟ್, ಇಬ್ಬರು ಬದಲಿ ಏಜೆಂಟರು. ಅಂದರೆ 720 ನಂಬಿಕಸ್ಥರು ಬೇಕು. ಅವರು ಆದಷ್ಟೂ ಅದೇ ಬೂತಿನ ಮತದಾರರಾಗಿರಬೇಕು. ಟಿಕೆಟ್ ತಪ್ಪಿದ ಆಕಾಂಕ್ಷಿಯ ಕೈಯಲ್ಲಿ ಅದರಲ್ಲಿ ಮೂರನೇ ಒಂದು ಪಾಲಿನ ಹುಡುಗರಿದ್ದರೆ, ಆ ಎಂಬತ್ತು ಬೂತಿನ ಏಜೆಂಟ್ ನೇಮಕದ ನಮೂನೆ 10ಕ್ಕೆ ಹೆಸರು ಕೊಡುತ್ತಾನೋ ಇಲ್ಲವೋ ಎನ್ನುವುದೇ ಬೆಂಬಲದ ಅಳತೆ. ಮತದಾನ ಏಳಕ್ಕೆ ಶುರುವಾದರೆ ಅಣಕು ಮತದಾನ ಐದೂವರೆಗೆ. ಕನಿಷ್ಠ 50 ಮತ ಒತ್ತಿ, ಎಣಿಸಿ, ಅಳಿಸುವ ಆ ಹೊತ್ತಿಗೆ ಏಜೆಂಟ್ ಬಾಗಿಲಲ್ಲಿ ಇರಬೇಕು. 'ರಾತ್ರಿ ಜ್ವರ ಬಂದಿತ್ತು' ಎಂದು ಹತ್ತು ಗಂಟೆಗೆ ಬಂದವನ ಅಣ್ಣ ಬೆಂಬಲ ಕೊಟ್ಟಿದ್ದಾನೆ ಎಂದು ನಂಬಬೇಡಿ. ಸಂಜೆ ಮತದಾನ ಮುಗಿದ ಮೇಲೆ ಒಟ್ಟು ಎಷ್ಟು ಮತ ಬಿತ್ತು ಎಂದು ಬರೆದ 17ಸಿ ನಮೂನೆಯ ಪ್ರತಿಯನ್ನು ಸಹಿ ಹಾಕಿ ಇಸಿದುಕೊಳ್ಳದೆ ಮನೆಗೆ ಹೋಗುವವರೂ ಇವರೇ.

ಬಾಯಿಮಾತಿನಲ್ಲೂ ಗುರುತು ಸಿಗುತ್ತದೆ. 'ಪಕ್ಷ ಗೆಲ್ಲಬೇಕು', 'ಪ್ರಧಾನಿ ಕೈ ಬಲಪಡಿಸಬೇಕು', 'ಸಿದ್ಧಾಂತ ಉಳಿಯಬೇಕು' ಎಂದು ಸುತ್ತಿ ಬಳಸಿ, ಅಭ್ಯರ್ಥಿಯ ಹೆಸರನ್ನು ಒಮ್ಮೆಯೂ ಎತ್ತದಿದ್ದರೆ ಸಭೆಯಲ್ಲಿ ಕೂತವರಿಗೆ ಸಂದೇಶ ತಲುಪಿತು ಎಂದೇ ಅರ್ಥ. ಕ್ಲೀವ್‌ಲ್ಯಾಂಡಿನಲ್ಲಿ ಕ್ರೂಜ್ ಮಾಡಿದ್ದೂ ಅದೇ, ನಮ್ಮವರು ಅದನ್ನು ಅವರಿಗಿಂತ ನಾಜೂಕಾಗಿ ಮಾಡುತ್ತಾರೆ. ನಿಜವಾದ ಬೆಂಬಲಕ್ಕೆ ಮೂರು ಮಾತು ಸಾಕು: ಹೆಸರು, ಚಿಹ್ನೆ, ಯಂತ್ರದಲ್ಲಿನ ಕ್ರಮಸಂಖ್ಯೆ. ಅದನ್ನು ತನ್ನ ಊರಿನಲ್ಲಿ, ತನ್ನ ಜನರ ಮುಂದೆ, ಟಿಕೆಟ್ ಸಿಕ್ಕವನು ಪಕ್ಕದಲ್ಲಿ ಇಲ್ಲದಾಗ ಹೇಳಬೇಕು.

ಖರ್ಚಿನಲ್ಲಿ ಒಂದು ಎಚ್ಚರ. ಬೆಂಬಲ ಕೊಡುವ ಉತ್ಸಾಹದಲ್ಲಿ ತಾನೇ ವಾಹನ ಬಿಟ್ಟು, ಪೆಂಡಾಲ್ ಹಾಕಿಸಿದರೆ ಅದು ಅಭ್ಯರ್ಥಿಯ ಲೆಕ್ಕಕ್ಕೆ ಸೇರುತ್ತದೆ. ದೊಡ್ಡ ರಾಜ್ಯಗಳಲ್ಲಿ ವಿಧಾನಸಭೆಗೆ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಅವನ ಪರ ದುಡ್ಡು ಸುರಿಯುವುದು ಅಪರಾಧವೂ ಹೌದು. ಒಳಗೊಳಗೇ ಸೇಡು ಇಟ್ಟುಕೊಂಡವನಿಗೆ ಇದೂ ಒಂದು ಆಯುಧ.

ವಾಪಸ್ ತೆಗೆದುಕೊಂಡರೆ ಬೆಂಬಲ ಕೊಟ್ಟಂತೆ ಎಂದುಕೊಂಡವರು ತುಮಕೂರು 2019 ನೆನಪಿಟ್ಟುಕೊಳ್ಳಲಿ. ಕಾಂಗ್ರೆಸ್ ಮತ್ತು ಜೆಡಿಎಸ್ ಮೈತ್ರಿಯಲ್ಲಿ ಕ್ಷೇತ್ರ ಜೆಡಿಎಸ್ ಪಾಲಾಗಿ, ಎಚ್.ಡಿ. ದೇವೇಗೌಡರು ನಿಂತರು. ಹಾಲಿ ಸಂಸದರಾಗಿದ್ದ ಕಾಂಗ್ರೆಸ್‌ನ ಎಸ್.ಪಿ. ಮುದ್ದಹನುಮೇಗೌಡ ನಾಮಪತ್ರ ಹಾಕಿದರು, ಕೆ.ಎನ್. ರಾಜಣ್ಣ ಕೂಡ ಹಾಕಿದರು. ಮಾರ್ಚ್ 29ರ ಗಡುವಿನೊಳಗೆ ಇಬ್ಬರೂ ವಾಪಸ್ ಪಡೆದರು. ಕಾಗದದ ಮೇಲೆ ಬಂಡಾಯ ಶಮನವಾಯಿತು. ಮಾಜಿ ಪ್ರಧಾನಿ ಬಿಜೆಪಿಯ ಜಿ.ಎಸ್. ಬಸವರಾಜು ಎದುರು 13,339 ಮತಗಳಿಂದ ಸೋತರು. ಯಾರು ಎಷ್ಟು ಕೆಲಸ ಮಾಡಿದರು, ಯಾರು ಮಾಡಲಿಲ್ಲ ಎಂಬ ಜಗಳ ಈಗಲೂ ಮುಗಿದಿಲ್ಲ. ಅದಕ್ಕೆ ಕೈ ಹಾಕುವುದಿಲ್ಲ. ಕಾಣುವ ಕಾರಣವೇ ಸಾಕಷ್ಟಿದೆ. ಇಲ್ಲಿ ಕಾಂಗ್ರೆಸ್ಸಿನವರೂ ಜೆಡಿಎಸ್‌ನವರೂ ಗ್ರಾಮ ಪಂಚಾಯಿತಿಯಿಂದ ಡೇರಿ ಚುನಾವಣೆಯವರೆಗೆ ದಶಕಗಟ್ಟಲೆ ಎದುರುಬದುರು ನಿಂತವರು. ಬೆಂಗಳೂರಿನಲ್ಲಿ ನಾಯಕರು ಕೈ ಕುಲುಕಿದ ಮಾತ್ರಕ್ಕೆ ಅರಳಿಕಟ್ಟೆಯ ಮೇಲೆ ಮಾತು ಶುರುವಾಗುವುದಿಲ್ಲ. ಸ್ವಪಕ್ಷದ ಪ್ರತಿಸ್ಪರ್ಧಿಗೆ ಮತ ಕೊಡಿಸುವುದೇ ಕಷ್ಟ, ಬೇರೆ ಪಕ್ಷದವನಿಗೆ ಕೊಡಿಸುವುದು ಎರಡು ಪಟ್ಟು. ವಾಪಸಾತಿಯಿಂದ ಮತದಾನದವರೆಗೆ ಆಗ ಇದ್ದದ್ದು ಇಪ್ಪತ್ತು ದಿನ.

ಮತ್ತೊಂದು ತಪ್ಪು ಲೆಕ್ಕ ಕ್ಷೇತ್ರದ ಗಡಿಯದ್ದು. ತುಮಕೂರು ಜಿಲ್ಲೆಯ ಶಿರಾ, ಪಾವಗಡ ಚಿತ್ರದುರ್ಗ ಲೋಕಸಭೆಗೆ ಸೇರುತ್ತವೆ, ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೆ. ಶಿಡ್ಲಘಟ್ಟ, ಚಿಂತಾಮಣಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದ್ದರೂ ಮತ ಹಾಕುವುದು ಕೋಲಾರ ಲೋಕಸಭೆಗೆ. ಶಿರಾದ ಮುಖಂಡನೊಬ್ಬ ತುಮಕೂರು ಅಭ್ಯರ್ಥಿಗೆ ಅದ್ದೂರಿಯಾಗಿ ಬೆಂಬಲ ಘೋಷಿಸಿದರೆ ಫೋಟೋ ಚೆನ್ನಾಗಿ ಬರುತ್ತದೆ. ಅವನ ಊರಿನ ಮತ ಮಾತ್ರ ಆ ಯಂತ್ರಕ್ಕೆ ಬೀಳುವುದಿಲ್ಲ. ಚಿಕ್ಕಬಳ್ಳಾಪುರ ಲೋಕಸಭೆಯಲ್ಲಿ ಇದರ ಉಲ್ಟಾ. ಯಲಹಂಕ, ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ಐದೂ ಜಿಲ್ಲೆಯ ಹೊರಗಿನವು. 2024ರಲ್ಲಿ ಡಾ. ಕೆ. ಸುಧಾಕರ್‌ಗೆ ಬಿಜೆಪಿ ಟಿಕೆಟ್ ಸಿಕ್ಕಾಗ, ಮಗನಿಗೆ ಟಿಕೆಟ್ ಕೇಳಿದ್ದ ಯಲಹಂಕ ಶಾಸಕ ಎಸ್.ಆರ್. ವಿಶ್ವನಾಥ್ ಮುನಿಸಿಕೊಂಡದ್ದು ಅಷ್ಟು ದೊಡ್ಡ ಸುದ್ದಿಯಾಗಿದ್ದು ಅದಕ್ಕೇ. ಮುನಿಸು ತಣಿಸಿದರು, ಸುಧಾಕರ್ 1,63,460 ಮತಗಳಿಂದ ಗೆದ್ದರು.

ಕೋಲಾರ ಲೋಕಸಭೆಯ ಕಾಂಗ್ರೆಸ್ ಮಾತ್ರ ರಾಜಿ ಆಗದಿದ್ದರೆ ಏನಾಗುತ್ತದೆ ಎಂಬುದನ್ನು ಎರಡು ಸಲ ತೋರಿಸಿಕೊಟ್ಟಿತು. 1991ರಿಂದ ಸತತ ಏಳು ಸಲ ಗೆದ್ದಿದ್ದ ಕೆ.ಎಚ್. ಮುನಿಯಪ್ಪ 2019ರಲ್ಲಿ ಬಿಜೆಪಿಯ ಎಸ್. ಮುನಿಸ್ವಾಮಿ ಎದುರು ಎರಡು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತಾಗ, ಸ್ವಪಕ್ಷದ ಜಗಳ ಬೀದಿಗೆ ಬಂದು ವರ್ಷಗಳೇ ಆಗಿದ್ದವು. 2024ರಲ್ಲಿ ಮುನಿಯಪ್ಪ ಅಳಿಯನಿಗೆ ಟಿಕೆಟ್ ಎಂಬ ಸುದ್ದಿಗೆ ಜಿಲ್ಲೆಯ ಶಾಸಕರು ರಾಜೀನಾಮೆ ಪತ್ರ ಹಿಡಿದು ಹೊರಟರು. ಕೊನೆಗೆ ಎರಡೂ ಬಣಕ್ಕೆ ಸೇರದ ಕೆ.ವಿ. ಗೌತಮ್ ಹೆಸರು ಬಂತು. ಬಣ ಇಲ್ಲದ ಅಭ್ಯರ್ಥಿ ಎಂದರೆ ವಿರೋಧಿಸುವವರು ಕಡಿಮೆ, ನಿಜ. ಬೆಳಗಿನ ಐದೂವರೆಗೆ ಏಳುವವರೂ ಕಡಿಮೆ. ಈ ಸಲ ಬಿಜೆಪಿ ಜೊತೆ ಮೈತ್ರಿಯಲ್ಲಿದ್ದ ಜೆಡಿಎಸ್‌ನ ಅಭ್ಯರ್ಥಿ ಮಲ್ಲೇಶ್ ಬಾಬು 71 ಸಾವಿರದ ಅಂತರದಲ್ಲಿ ಗೆದ್ದರು.

ಹಾಗಾದರೆ ಬಂಡಾಯ ಯಾವಾಗ ಸರಿ? 2019ರ ಡಿಸೆಂಬರ್‌ನ ಹೊಸಕೋಟೆ ಉಪಚುನಾವಣೆ ನೋಡಿ. ಕಾಂಗ್ರೆಸ್‌ನಿಂದ ಬಿಜೆಪಿಗೆ ಬಂದ ಎಂ.ಟಿ.ಬಿ. ನಾಗರಾಜ್‌ಗೆ ಟಿಕೆಟ್ ಕೊಟ್ಟಾಗ, ಹಿಂದಿನ ಚುನಾವಣೆಯಲ್ಲಿ ಅವರ ವಿರುದ್ಧವೇ ಬಿಜೆಪಿಯಿಂದ ನಿಂತು ಸೋತಿದ್ದ ಶರತ್ ಬಚ್ಚೇಗೌಡ ಪಕ್ಷೇತರರಾಗಿ ಇಳಿದು 11,486 ಮತಗಳಿಂದ ಗೆದ್ದರು. ತಂದೆ ಆಗ ಚಿಕ್ಕಬಳ್ಳಾಪುರದ ಬಿಜೆಪಿ ಸಂಸದ. ನಿನ್ನೆಯವರೆಗೆ ಯಾರ ವಿರುದ್ಧ ವೋಟು ಕೇಳಿದೆವೋ ಅವರಿಗೇ ಇಂದು ಹಾಕಿ ಎಂದು ಮನೆಮನೆಗೆ ಹೋಗಿ ಹೇಳು ಎನ್ನುವುದು ಕಾರ್ಯಕರ್ತನಿಗೆ ಮಾಡುವ ಅವಮಾನ. ಅಲ್ಲಿ ಬಂಡಾಯಕ್ಕೆ ಕಾರಣವಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ತಟಸ್ಥವಾಗಿ ಉಳಿಯುವುದೂ ಮರ್ಯಾದೆಯ ದಾರಿಯೇ. 2024ರಲ್ಲಿ ತುಮಕೂರು ಟಿಕೆಟ್ ವಿ. ಸೋಮಣ್ಣ ಪಾಲಾದಾಗ ಆಕಾಂಕ್ಷಿಯಾಗಿದ್ದ ಜೆ.ಸಿ. ಮಾಧುಸ್ವಾಮಿ ತಮ್ಮ ಅಸಮಾಧಾನವನ್ನು ಬಹಿರಂಗವಾಗಿಯೇ ಆಡಿದರು. ಸೋಮಣ್ಣ 1,75,594 ಮತಗಳಿಂದ ಗೆದ್ದದ್ದು ಬೇರೆ ಮಾತು. ಹೀಗೆ ಬಾಯಿಬಿಟ್ಟು ಹೇಳಿದರೆ ಅಭ್ಯರ್ಥಿಗೆ ಆ ತಾಲ್ಲೂಕಿಗೆ ಬೇರೆ ಏಜೆಂಟರನ್ನು ಹುಡುಕಿಕೊಳ್ಳಲು ಹೊತ್ತಾದರೂ ಸಿಗುತ್ತದೆ.

ಹೊತ್ತು ಸಿಗದಂತೆ ಮಾಡುವುದು ಒಳಏಟು. ಎಂಬತ್ತು ಬೂತು ನನ್ನದು ಎಂದು ಒಪ್ಪಿಕೊಂಡು, ಏಜೆಂಟರ ಪಟ್ಟಿ ಕೊಟ್ಟು, ಬೂತ್ ಖರ್ಚಿನ ದುಡ್ಡು ಇಸಿದುಕೊಂಡು, ಹಿಂದಿನ ರಾತ್ರಿ ಹುಡುಗರಿಗೆ 'ಈ ಸಲ ನೋಡ್ಕೊಳ್ರಪ್ಪ' ಎಂದು ಕಣ್ಣು ಮಿಟುಕಿಸುವುದು. ಇದಕ್ಕೆ ಯಾವ ಸಮರ್ಥನೆಯೂ ಇಲ್ಲ. ಬಹಿರಂಗ ಬಂಡಾಯಗಾರನಿಗೆ ಆರು ವರ್ಷ ಉಚ್ಚಾಟನೆ ಎಂದು ಪತ್ರ ಹೋಗುತ್ತದೆ. ಆ ಆರು ವರ್ಷ ಎಷ್ಟೋ ಸಲ ಆರು ತಿಂಗಳಿಗೂ ಬಾಳುವುದಿಲ್ಲ ಎನ್ನುವುದು ಬೇರೆ. ಒಳಏಟು ಕೊಟ್ಟವನಿಗೆ ಯಾವ ಪತ್ರವೂ ಹೋಗುವುದಿಲ್ಲ, ಪಕ್ಷ ಗೆದ್ದರೆ ಸನ್ಮಾನದಲ್ಲಿ ಮುಂದಿನ ಸಾಲು.

ಆದರೆ ಗುರುತು ಉಳಿಯುತ್ತದೆ. ಎಣಿಕೆ ಮುಗಿದ ಮೇಲೆ ಚುನಾವಣಾಧಿಕಾರಿ ಸಿದ್ಧಪಡಿಸುವ ನಮೂನೆ 20ರಲ್ಲಿ ಪ್ರತಿ ಬೂತಿನಲ್ಲಿ ಯಾರಿಗೆಷ್ಟು ಎಂಬುದು ಸಾಲುಸಾಲಾಗಿ ಇರುತ್ತದೆ. ಅದನ್ನು ಹಿಂದಿನ ಚುನಾವಣೆಯ ನಮೂನೆ 20ರ ಪಕ್ಕದಲ್ಲಿಟ್ಟು ಓದಬೇಕು. ಓದುವಾಗ ಬೂತ್ ಸಂಖ್ಯೆ ನಂಬಬೇಡಿ, ಅದು ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತದೆ. ಶಾಲೆಯ ಹೆಸರು, ಕೊಠಡಿ ಯಾವ ಕಡೆಯದ್ದು ಎನ್ನುವುದನ್ನು ಹಿಡಿದು ಹೊಂದಿಸಿಕೊಳ್ಳಿ. ಮೊದಲು ನೋಡಬೇಕಾದ್ದು ಬೆಂಬಲ ಘೋಷಿಸಿದವನ ಸ್ವಂತ ಊರಿನ ಬೂತು. ಆಮೇಲೆ ಅವನ ಮಾವನ ಮನೆ ಊರಿನದ್ದು.